ನಿಂತ ಕುದುರೆಗೂ ಮೇವು ಬೇಕು

ಐದೂವರೆ ಶತಮಾನದ ಹಿಂದೆ ರಷ್ಯಾದ ತ್ವೇರ್ ಊರಿನ ವ್ಯಾಪಾರಿಯೊಬ್ಬ ನಮ್ಮ ಬೀದರಿಗೆ ಬಂದಿದ್ದ. ಹೆಸರು ಅಫನಾಸಿ ನಿಕಿತಿನ್. ಊರು ಬಿಟ್ಟಾಗ ಅವನ ಜೊತೆ ಮಾರಾಟದ ಸರಕಿತ್ತು. ವೋಲ್ಗಾ ನದಿಯ ದಾರಿಯಲ್ಲಿ ಅದು ದರೋಡೆಯಾಯಿತು. ಆದರೂ ಹಿಂದಿರುಗದೆ ಮುಂದೆ ಸಾಗಿದ. ಕೈಯಲ್ಲಿದ್ದ ಬಂಡವಾಳವನ್ನು ಒಂದು ಗಂಡು ಕುದುರೆಗೆ ಹಾಕಿ, ಹೋರ್ಮುಜ್‌ನಲ್ಲಿ ಹಡಗು ಹತ್ತಿ, ಚೌಲ್ ಬಂದರಿನಲ್ಲಿ ಇಳಿದ. ಜುನ್ನರ್‌ನಲ್ಲಿ ಅಲ್ಲಿಯ ಖಾನ ಆ ಕುದುರೆಯನ್ನು ಕಸಿದುಕೊಂಡು, ಆಮೇಲೆ ಹಿಂತಿರುಗಿಸಿದ. ಕೊನೆಗೆ ಅದು ಮಾರಾಟವಾದದ್ದು ಬೀದರಿನಲ್ಲಿ. ಒಂದು ವರ್ಷ ಅದಕ್ಕೆ ಮೇವು ಹಾಕಿದ ಖರ್ಚು ಆಗಿನ ನಾಣ್ಯದಲ್ಲಿ 68 ಫುತೂನ್ ಎಂದು ನಿಕಿತಿನ್ ತನ್ನ ಪ್ರವಾಸದ ಬರಹದಲ್ಲಿ ಲೆಕ್ಕ ಇಟ್ಟಿದ್ದಾನೆ.

ಕೊರೊನಾ ಬಂದ 2020ರ ಬೇಸಿಗೆಯಲ್ಲಿ ಆ ಲೆಕ್ಕ ನನಗೆ ಮತ್ತೆ ಮತ್ತೆ ನೆನಪಾಯಿತು. ಓಡುವ ಕುದುರೆ ತನ್ನ ಮೇವನ್ನು ತಾನೇ ದುಡಿದುಕೊಳ್ಳುತ್ತದೆ. ನಿಂತ ಕುದುರೆಗೂ ಹಸಿವು ಅಷ್ಟೇ ಇರುತ್ತದೆ.

ಮಧ್ಯಮ ಗಾತ್ರದ ವ್ಯವಹಾರವೆಂದರೆ ಕಟ್ಟಿಹಾಕಿದ ಒಂದು ಕುದುರೆ. ದೊಡ್ಡ ಕಂಪನಿಯ ಲಾಯದಲ್ಲಿ ಹತ್ತಾರು ಕುದುರೆಗಳಿರುತ್ತವೆ, ಒಂದು ಕುಂಟಿದರೆ ಇನ್ನೊಂದು ಎಳೆಯುತ್ತದೆ. ತಳ್ಳುಗಾಡಿಯವನು ಬಾಳೆಹಣ್ಣು ಬಿಟ್ಟು ತರಕಾರಿ ಮಾರಬಲ್ಲ. ಅವನ ಕಷ್ಟ ದೊಡ್ಡದು, ಆದರೆ ಗಾಡಿ ತಿರುಗಿಸುವುದು ಸುಲಭ. ನಡುವಿನವನಿಗೆ ಎರಡೂ ಇಲ್ಲ. ಗೋದಾಮಿನ ಬಾಡಿಗೆ, ಕರೆಂಟಿನ ನಿಗದಿತ ಶುಲ್ಕ, ಸಾಲದ ಬಡ್ಡಿ, ಇಪ್ಪತ್ತು ಮೂವತ್ತು ಜನರ ಪಗಾರ, ಇವು ಯಾವುವೂ ಲಾಕ್‌ಡೌನಿಗೆ ಕಾಯುವುದಿಲ್ಲ. ಮಾರ್ಚ್ 24ರ ರಾತ್ರಿ ದೇಶಕ್ಕೆ ಬೀಗ ಬಿದ್ದಿತು. ಕೇವಲ ಆರೂವರೆ ವಾರದ ಹಿಂದೆ, ಫೆಬ್ರವರಿ 7ರಂದು, ಬೀದರಿನಿಂದ ಬೆಂಗಳೂರಿಗೆ ಮೊದಲ ವಿಮಾನ ಹಾರಿತ್ತು. ಇನ್ನು ನಮ್ಮೂರಿನ ವ್ಯಾಪಾರಕ್ಕೆ ರೆಕ್ಕೆ ಬಂತು ಎಂದು ಸಂಭ್ರಮಿಸಿದವರೇ ಬಾಗಿಲು ಹಾಕಿ ಕೂತರು.

ನಮ್ಮ ಜಿಲ್ಲೆಯ ಭಾಲ್ಕಿಯಲ್ಲಿ ನನಗೆ ಪರಿಚಯದ ಒಬ್ಬರು ಶಾಮಿಯಾನದ ವ್ಯವಹಾರ ಮಾಡುತ್ತಾರೆ. ಕೆಲಸಕ್ಕೆ ಇಪ್ಪತ್ತೆರಡು ಹುಡುಗರು. ಆ ವರ್ಷ ಮದುವೆ ಸುಗ್ಗಿಗೆಂದು ಹೊಸ ಕುರ್ಚಿ, ಹಂಡೆ, ಪರಾತ, ಒಂದು ಜನರೇಟರು ತಂದಿದ್ದರು. ಬಂಡವಾಳದಲ್ಲಿ ಬ್ಯಾಂಕಿನ ಪಾಲು ಕಡಿಮೆ. ಹೆಚ್ಚಿನದು ಬೀಗರು, ಓಣಿಯವರು, ನಿವೃತ್ತ ಮಾಸ್ತರೊಬ್ಬರು ಕೊಟ್ಟ ಕೈಗಡ. ನಮ್ಮ ಕಡೆ ಖಾಸಗಿ ಹೂಡಿಕೆದಾರ ಎಂದರೆ ಇವರೇ. ಪಿಂಚಣಿಯ ಗಂಟನ್ನು ಪರಿಚಯದವನ ವ್ಯವಹಾರಕ್ಕೆ ಹಾಕಿ, ತಿಂಗಳ ಬಡ್ಡಿಯಲ್ಲಿ ಔಷಧದ ಖರ್ಚು ನೋಡಿಕೊಳ್ಳುವ ಮನುಷ್ಯರು.

ಏಪ್ರಿಲ್ 26ರಂದು ಅಕ್ಷಯ ತೃತೀಯ. ಆ ಸುತ್ತಿನ ಮುಹೂರ್ತಗಳೆಲ್ಲ ಒಂದೊಂದಾಗಿ ರದ್ದಾದವು. ನಂತರ ಮದುವೆಗೆ 50 ಜನರ ಮಿತಿ ಬಂತು. ಐವತ್ತು ಜನರಿಗೆ ಶಾಮಿಯಾನ ಯಾಕೆ, ಮನೆಯ ಅಂಗಳ ಸಾಕು. ಲಾಕ್‌ಡೌನ್ ಸಡಿಲವಾದ ಮೇಲೆ ನಾನು ಅವರ ಗೋದಾಮಿಗೆ ಹೋದಾಗ ಹೊಸ ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ. ಅದರ ಮೇಲೆ ಬೆರಳಿಟ್ಟರೆ ಗುರುತು ಮೂಡುವಷ್ಟು ಧೂಳು. ಮಾಸ್ತರರೂ ಅಲ್ಲೇ ಇದ್ದರು. ಶಾಮಿಯಾನದವರು ತಲೆ ತಗ್ಗಿಸಿ, ‘ಮಾಸ್ತರ್ರ, ಈ ತಿಂಗಳ ನಿಮ್ಮ ಬಡ್ಡಿ ಆಗಂಗಿಲ್ರಿ’ ಎಂದರು. ಮಾಸ್ತರರು ಸ್ವಲ್ಪ ಹೊತ್ತು ಕುರ್ಚಿಗಳನ್ನೇ ನೋಡುತ್ತಿದ್ದು, ‘ತಮ್ಮಾ, ಮೊದಲ ಹುಡುಗರಿಗಿ ಕೊಡು. ಅವರು ಹೋದರಂದ್ರ ಈ ಕುರ್ಚಿ ಎತ್ತವರು ಯಾರು? ನನ್ನ ರೊಕ್ಕ ಎಲ್ಲಿಗೂ ಓಡಿ ಹೋಗಂಗಿಲ್ಲ’ ಎಂದರು.

ಆ ವರ್ಷ ಅರ್ಥಶಾಸ್ತ್ರದ ಬಗ್ಗೆ ಓದಿದ್ದು, ಕೇಳಿದ್ದು ಬಹಳ. ಆದರೆ ಹೂಡಿಕೆ ಎಂದರೇನು ಎಂಬುದು ನನಗೆ ತಿಳಿದದ್ದು ಆ ಗೋದಾಮಿನಲ್ಲಿ. ತನ್ನ ಹಣ ನಿಜವಾಗಿ ಎಲ್ಲಿದೆ ಎಂದು ಮಾಸ್ತರರಿಗೆ ಗೊತ್ತಿತ್ತು. ಅದು ಕುರ್ಚಿಯಲ್ಲಿ ಇರಲಿಲ್ಲ, ಕುರ್ಚಿ ಎತ್ತುವ ತೋಳಿನಲ್ಲಿತ್ತು.

ಸರ್ಕಾರ, ಬ್ಯಾಂಕುಗಳು ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ಮಾರ್ಚ್ 27ರಂದು ರಿಸರ್ವ್ ಬ್ಯಾಂಕು ಸಾಲದ ಕಂತಿಗೆ ಮೂರು ತಿಂಗಳ ವಿನಾಯಿತಿ ಕೊಟ್ಟಿತು, ಆಮೇಲೆ ಅದನ್ನು ಆಗಸ್ಟ್ 31ರವರೆಗೆ ಎಳೆಯಿತು. ಕಂತು ನಿಂತಿತು, ಬಡ್ಡಿ ಮಾತ್ರ ಒಳಗೊಳಗೇ ಬೆಳೆಯುತ್ತಿತ್ತು. ಮೇ ತಿಂಗಳಲ್ಲಿ 3 ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲ ಖಾತರಿ ಯೋಜನೆ ಬಂತು. ಫೆಬ್ರವರಿ 29ಕ್ಕೆ ಬಾಕಿಯಿದ್ದ ಸಾಲದ ಶೇ 20ರಷ್ಟು ಹೊಸ ಸಾಲ, ಅಡಮಾನ ಬೇಡ, ಸರ್ಕಾರವೇ ಜಾಮೀನು. ಎಷ್ಟೋ ಕಾರ್ಖಾನೆಗಳು ಇದರಿಂದ ಉಸಿರು ಹಿಡಿದುಕೊಂಡವು. ಆದರೆ ಆ 20ರ ಲೆಕ್ಕ ಬ್ಯಾಂಕಿನ ಪುಸ್ತಕದಲ್ಲಿದ್ದ ಸಾಲಕ್ಕೆ ಮಾತ್ರ. ಕೈಗಡದ ಮೇಲೆ ನಿಂತ ಭಾಲ್ಕಿಯ ಶಾಮಿಯಾನಕ್ಕೆ ಅದರಿಂದ ಸಿಕ್ಕಿದ್ದು ಅಲ್ಪ. ಅವರ ಪಾಲಿಗೆ ರಿಸರ್ವ್ ಬ್ಯಾಂಕು ಆ ನಿವೃತ್ತ ಮಾಸ್ತರರೇ.

ಮೇ ತಿಂಗಳಲ್ಲಿ ಇನ್ನೊಂದು ತಿರುವು ಬಂತು. ಮುಂಬೈ, ಪುಣೆಗೆ ದುಡಿಯಲು ಹೋಗಿದ್ದವರು ಗಡಿ ದಾಟಿ ಮರಳತೊಡಗಿದರು. ನಮ್ಮ ಜಿಲ್ಲೆಯ ಔರಾದ್ ತಾಲ್ಲೂಕಿನ ತಾಂಡಾಗಳಲ್ಲಿ ಹಾಗೆ ಹೋದವರು ಇಲ್ಲದ ಮನೆ ಅಪರೂಪ. ಮಹಾರಾಷ್ಟ್ರದಿಂದ ಬಂದವರನ್ನು ಶಾಲೆ, ಹಾಸ್ಟೆಲ್‌ಗಳಲ್ಲಿ ಕ್ವಾರಂಟೈನ್ ಮಾಡಬೇಕಿತ್ತು. ಅಲ್ಲಿಗೆ ಗಾದಿ, ಬಕೀಟು, ಅಡುಗೆಯ ಹಂಡೆ, ನೆರಳಿಗೆ ಪೆಂಡಾಲು ಬೇಕು. ಮದುವೆಗೆಂದು ತಂದ ಸಾಮಾನು ಹೊರಟಿತು. ಮದುಮಕ್ಕಳ ಊಟದ ಹಂಡೆಯಲ್ಲಿ ಸೋತು ಬಂದವರಿಗೆ ಅನ್ನ ಬೆಂದಿತು. ಬಿಲ್ಲಿನ ಹಣ ಕೈಗೆ ಬರಲು ತಿಂಗಳುಗಳೇ ಹಿಡಿದವು. ಆದರೂ ಹುಡುಗರು ಚದುರಿ ಹೋಗಲಿಲ್ಲ.

ಭಾಲ್ಕಿಯ ನೆಲಕ್ಕೆ ಈ ಗುಣ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆ ನಡೆಸುವುದು ದುಸ್ತರವಾಗಿದ್ದಾಗ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಫಲಕ ಬದಲಾಯಿತು, ಪಾಠ ಬದಲಾಗಲಿಲ್ಲ. ಕಾಲಕ್ಕೆ ಹೊಂದಿಕೊಳ್ಳುವುದು ಎಂದರೆ ಇದೇ ಎಂದು ನಾನು ನಂಬಿದ್ದೇನೆ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳು ಅಂಗಿ ಬಿಟ್ಟು ಪಿಪಿಇ ಕಿಟ್ ಹೊಲಿದವು. ಮಾರ್ಚಿಗೆ ಮುನ್ನ ದೇಶದಲ್ಲಿ ಹೆಚ್ಚುಕಡಿಮೆ ತಯಾರಾಗದಿದ್ದ ಆ ಕಿಟ್‌ಗಳು ಮೇ ಹೊತ್ತಿಗೆ ದಿನಕ್ಕೆ 2 ಲಕ್ಷ ದಾಟಿದವು. ಹಲವು ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಗಳು ಸ್ಯಾನಿಟೈಸರ್ ಕೊಟ್ಟವು. ಅಲ್ಲೂ ಬದಲಾದದ್ದು ಫಲಕ. ಹೊಲಿಯುವ ಕೈ, ಬಟ್ಟಿ ಇಳಿಸುವ ಕೈ ಅವೇ.

ಎಲ್ಲರಿಗೂ ಫಲಕ ಬದಲಿಸುವ ಅವಕಾಶ ಇರುವುದಿಲ್ಲ. ಬೀದರಿನ ಬಿದ್ರಿ ಕುಶಲಕರ್ಮಿಗಳ ಮನೆಯೊಳಗೆ ಕೂತು ನೋಡಿದವರಿಗೆ ಇದು ಗೊತ್ತು. ಸತು ಹದಿನಾರು ಪಾಲಿಗೆ ತಾಮ್ರ ಒಂದು ಪಾಲಿನಂತೆ ಕರಗಿಸಿ, ಮಣ್ಣಿನ ಅಚ್ಚಿಗೆ ಎರೆದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರುತ್ತಾರೆ. ಸಣ್ಣ ಉಳಿಯಿಂದ ಹೂಬಳ್ಳಿ ಕೊರೆದು, ಕೂದಲೆಳೆಯಂಥ ಬೆಳ್ಳಿ ತಂತಿಯನ್ನು ಆ ಗೀರಿನೊಳಗೆ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿದ ಬಿಸಿ ನೀರು ತಾಗಿದಾಗ ಲೋಹವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಇಷ್ಟು ಕೈ ದಾಟಿದ ಹೂದಾನಿ ಮಾರಾಟವಾಗುವುದು ಪ್ರವಾಸಿಗರಿಗೆ, ಮೇಳಗಳಲ್ಲಿ, ಸಮಾರಂಭದ ಕಾಣಿಕೆಯಾಗಿ. 2020ರಲ್ಲಿ ಮೂರೂ ಇರಲಿಲ್ಲ.

ಅದೇ ಹೊತ್ತಿಗೆ ಬೆಳ್ಳಿ ಏರಿತು. ಮಾರ್ಚ್‌ನಲ್ಲಿ ಕಿಲೋಗೆ 40 ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದದ್ದು ಆಗಸ್ಟಿನಲ್ಲಿ 70 ಸಾವಿರ ದಾಟಿತು. ಬೆಳ್ಳಿ ಕೊಂಡಿಟ್ಟ ಹೂಡಿಕೆದಾರನಿಗೆ ಅದು ಲಾಭದ ವರ್ಷ. ಬೆಳ್ಳಿಯನ್ನು ಬಡಿದು ಬದುಕುವವನಿಗೆ ಕಚ್ಚಾಮಾಲೇ ಕೈಗೆಟುಕದ ವರ್ಷ. ಲೋಹ ಒಂದೇ, ಒಬ್ಬರ ತಿಜೋರಿಯಲ್ಲಿ ಹೊಳೆಯಿತು, ಇನ್ನೊಬ್ಬರ ಒಲೆಯನ್ನು ಆರಿಸಿತು. ಬಿದ್ರಿಯ ಕಲಾವಿದ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಯ ಹಿಂದೆ, ಕೆಲಸವಿಲ್ಲದ ತಿಂಗಳುಗಳಲ್ಲೂ ಉಳಿ ಕೆಳಗಿಡದ ಕೈಗಳಿವೆ ಎಂಬುದನ್ನು ಮರೆಯಬಾರದು.

ದೂರದ ಪೇಟೆಯ ಹೂಡಿಕೆದಾರರ ಕಥೆ ಇನ್ನೂ ವೇಗದ್ದು. ಮಾರ್ಚ್ 23ರ ಒಂದೇ ದಿನ ಸೆನ್ಸೆಕ್ಸ್ 3,934 ಅಂಶ ಬಿದ್ದು 26 ಸಾವಿರಕ್ಕಿಂತ ಕೆಳಗಿಳಿಯಿತು. ಹೆದರಿ ಮಾರಿದವರು ಎಷ್ಟೋ ಜನ. 2021ರ ಜನವರಿ 21ರಂದು ಅದೇ ಸೂಚ್ಯಂಕ 50 ಸಾವಿರ ಮುಟ್ಟಿತು. ಬ್ಯಾಂಕ್ ಠೇವಣಿಯ ಬಡ್ಡಿ ಇಳಿದಿತ್ತು, ಕೈಯಲ್ಲಿ ಮೊಬೈಲ್ ಇತ್ತು, ಮನೆಯಲ್ಲೇ ಕೂತ ಹೊತ್ತಿತ್ತು. ದೇಶದಲ್ಲಿ 4 ಕೋಟಿಯಷ್ಟಿದ್ದ ಡಿಮ್ಯಾಟ್ ಖಾತೆಗಳು ಎರಡು ವರ್ಷದಲ್ಲಿ 9 ಕೋಟಿಯ ಹತ್ತಿರ ಬಂದವು. ಆದರೆ 2020ರ ಏಪ್ರಿಲ್ 23ರಂದು ಒಂದು ದೊಡ್ಡ ಮ್ಯೂಚುವಲ್ ಫಂಡ್ ಸಂಸ್ಥೆ ತನ್ನ 6 ಸಾಲಪತ್ರ ಯೋಜನೆಗಳನ್ನು ಮುಚ್ಚಿದ್ದರಿಂದ 25 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಣ ಸಿಕ್ಕಿಹಾಕಿಕೊಂಡಿತು. ಆ ಹಣ ಮುಂದೆ ಕಂತುಗಳಲ್ಲಿ ಮರಳಿತು. ಆಸ್ಪತ್ರೆಯ ಬಿಲ್ಲು ಕಟ್ಟಬೇಕಾದ ದಿನ ಮಾತ್ರ ಇರಲಿಲ್ಲ. ಗಳಿಕೆಯ ಶೇಕಡಾವಾರು ನೋಡುವ ಮುನ್ನ, ಬೇಕಾದ ದಿನ ಕೈಗೆ ಬರುತ್ತದೆಯೇ ಎಂದು ಕೇಳಬೇಕು. ಒಂದೇ ಕುದುರೆಯ ಮೇಲೆ ಎಲ್ಲವನ್ನೂ ಹೇರಬಾರದು, ಮನೆಯ ಆರು ತಿಂಗಳ ಖರ್ಚನ್ನಂತೂ ಯಾವ ಕುದುರೆಯ ಮೇಲೂ ಹೇರಬಾರದು.

ಔರಾದಿನ ಮಾತು ಬೇರೆ. ಆ ತಾಲ್ಲೂಕಿನ ಸಂತೆ, ಸಂಬಂಧ, ಆಸ್ಪತ್ರೆ ಎಲ್ಲವೂ ಗಡಿಯಾಚೆಗೆ ಚಾಚಿವೆ. ಒಂದು ಕಡೆ ಉದಗೀರ್, ದೇಗಲೂರು, ಇನ್ನೊಂದು ಕಡೆ ತೆಲಂಗಾಣದ ನಾರಾಯಣಖೇಡ. ಚೆಕ್‌ಪೋಸ್ಟಿಗೆ ಬೇಲಿ ಬಿದ್ದ ದಿನ ಅಂಗಡಿಗಳ ಅರ್ಧ ಗಿರಾಕಿ ಬೇಲಿಯ ಆಚೆ ಉಳಿದರು. ದುಡಿಯುವ ಮಕ್ಕಳು ಊರಿಗೆ ಮರಳಿದ್ದರಿಂದ ತಿಂಗಳ ಮನಿಯಾರ್ಡರು ನಿಂತು, ಉಣ್ಣುವ ಬಾಯಿ ಹೆಚ್ಚಾದವು. ಆಗ ಊರನ್ನು ಹಿಡಿದು ನಿಲ್ಲಿಸಿದ್ದು ದಿನಕ್ಕೆ 275 ರೂಪಾಯಿಯ ಉದ್ಯೋಗ ಖಾತರಿ ಕೂಲಿ, ಪಡಿತರದ ಧಾನ್ಯ ಮತ್ತು ಹೆಣ್ಣುಮಕ್ಕಳ ಸಂಘ. ಸ್ವಸಹಾಯ ಸಂಘಗಳನ್ನು ಸಹಕಾರಿ ಬ್ಯಾಂಕಿಗೆ ಜೋಡಿಸುವ ಕೆಲಸದಲ್ಲಿ ಬೀದರ್ ಡಿಸಿಸಿ ಬ್ಯಾಂಕು ದೇಶಕ್ಕೆ ದಾರಿ ತೋರಿದ್ದು. ಆ ಕೆಲಸದ ಮುಂದಾಳು ಗುರುಪಾದಪ್ಪ ನಾಗಮಾರಪಳ್ಳಿ ಔರಾದ್ ಕಡೆಯವರೇ. ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿ ಕಟ್ಟುವ ಹೆಣ್ಣುಮಗಳು ತನ್ನನ್ನು ಹೂಡಿಕೆದಾರಳು ಎಂದು ಕರೆದುಕೊಳ್ಳುವುದಿಲ್ಲ. ಆದರೆ ಬ್ಯಾಂಕಿನ ಬಾಗಿಲು ದೂರವಾದ ದಿನಗಳಲ್ಲಿ ಹೊಲಿಗೆ ಯಂತ್ರಕ್ಕೆ, ಎಮ್ಮೆಗೆ, ಕಿರಾಣಿ ಅಂಗಡಿಗೆ ಬಂಡವಾಳವಾದದ್ದು ಅವಳ ಆ ಹತ್ತು ರೂಪಾಯಿ.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಸಂಕಟದಲ್ಲಿ ಪ್ರತಿಯೊಬ್ಬರ ಹತ್ತಿರವೂ ಇರುವುದು ಸ್ವಲ್ಪವೇ ಹಣ, ಕೊಡಬೇಕಾದವರು ಬಹಳ. ಆಗ ಯಾರಿಗೆ ಮೊದಲು ಕೊಟ್ಟೆವು ಎಂಬ ಸರದಿಯಲ್ಲಿ ನಮ್ಮ ವ್ಯವಹಾರದ ಗುಣ ಇರುತ್ತದೆ. ಮಧ್ಯಮ ಉದ್ಯಮಿ ನಡುವಿನ ಗಂಟು. ಮೇಲಿನವರು ಅವನ ಬಾಕಿ ತಡೆದರೆ, ಅವನು ಕೆಳಗಿನವರ ಬಾಕಿ ತಡೆಯುತ್ತಾನೆ. ಆ ತಡೆ ಇಳಿದಿಳಿದು ಕೊನೆಗೆ ಹಮಾಲನ ಒಲೆಯ ಮೇಲೆ ಬಂದು ಕೂರುತ್ತದೆ. ಸಣ್ಣ ಉದ್ಯಮಗಳ ಬಾಕಿಯನ್ನು ಹೆಚ್ಚೆಂದರೆ 45 ದಿನದಲ್ಲಿ ತೀರಿಸಬೇಕೆಂದು 2006ರ ಕಾನೂನೇ ಹೇಳುತ್ತದೆ. ತಡಮಾಡಿ ವರ್ಷದೊಳಗೂ ತೀರಿಸದಿದ್ದರೆ ಆ ವರ್ಷದ ಖರ್ಚಾಗಿ ತೋರಿಸಿ ತೆರಿಗೆ ಉಳಿಸುವಂತಿಲ್ಲ ಎಂಬ ನಿಯಮ 2024ರ ಏಪ್ರಿಲ್‌ನಿಂದ ಬಂದಿದೆ. ಈ ಬಿಗಿ ಒಳ್ಳೆಯದು. ಆದರೆ ಕಾಯಕ, ದಾಸೋಹಗಳ ಮಾತು ಮೊಳಗಿದ ಬಸವಕಲ್ಯಾಣ ಇರುವ ಜಿಲ್ಲೆಗೆ, ದುಡಿದವನ ಪಾಲು ದುಡಿದವನಿಗೆ ಹೊತ್ತಿಗೆ ಸರಿಯಾಗಿ ಸೇರಬೇಕೆಂದು ಕಾನೂನು ಹೇಳಿಕೊಡಬೇಕಾಗಬಾರದು.

2021ರ ಏಪ್ರಿಲ್ ಕೊನೆಗೆ ಮತ್ತೆ ಬೀಗ ಬಿದ್ದಿತು. ಭಾಲ್ಕಿಯವರು ಎರಡನೆಯ ಸುಗ್ಗಿಯನ್ನೂ ಕಳೆದುಕೊಂಡರು. ಇತ್ತೀಚೆಗೆ ಅವರ ಕಿರ್ದಿ ಪುಸ್ತಕ ನೋಡಿದೆ. ಹಿಂದಿನ ರಟ್ಟಿನ ಒಳಬದಿಗೆ ಪೆನ್ಸಿಲಿನಲ್ಲಿ ಐದು ಸಾಲು ಬರೆದಿದ್ದರು. ಒಂದು, ಹುಡುಗರು. ಎರಡು, ಹೂವಿನವರು, ಲೈಟಿನವರು. ಮೂರು, ಬ್ಯಾಂಕು. ನಾಲ್ಕು, ಮಾಸ್ತರು. ಐದು, ಮನೆ. ಎರಡು ವರ್ಷ ಕೈಗೆ ಬಂದ ರೊಕ್ಕವನ್ನೆಲ್ಲ ಇದೇ ಸರದಿಯಲ್ಲಿ ಹಂಚಿದ್ದರು. ಈಗ ಮಾಸ್ತರರ ಬಡ್ಡಿ ಪೂರಾ ತೀರಿದೆ. ಇಪ್ಪತ್ತೆರಡು ಹುಡುಗರಲ್ಲಿ ಹತ್ತೊಂಬತ್ತು ಜನ ಇನ್ನೂ ಅಲ್ಲೇ ಇದ್ದಾರೆ.

ಮುಂದಿನ ಸಂಕಟ ಯಾವ ಹೆಸರಿನಲ್ಲಿ ಬರುತ್ತದೋ ಯಾರೂ ಹೇಳಲಾರರು. ಬರಗಾಲವಾಗಿ ಬರಬಹುದು, ಹೊಸ ಜ್ವರವಾಗಿ ಬರಬಹುದು. ಅದು ಬಾಗಿಲು ತಟ್ಟಿದ ಮೇಲೆ ಯೋಚಿಸಲು ಪುರುಸೊತ್ತು ಇರುವುದಿಲ್ಲ. ಇವತ್ತು ಸಂಜೆ ಅಂಗಡಿ ಮುಚ್ಚುವ ಮುನ್ನ, ಲೆಕ್ಕದ ಪುಸ್ತಕದ ಹಿಂದಿನ ರಟ್ಟಿನ ಮೇಲೆ ನಾವೂ ನಮ್ಮ ಐದು ಸಾಲು ಬರೆದಿಡೋಣ.