ಸಂತಾನವಿಲ್ಲದವರ ಪಾಲು

ತಮ್ಮ ನಂಬಿಕೆಯನ್ನು ಶುದ್ಧವಾಗಿ ಉಳಿಸಿಕೊಳ್ಳಬೇಕೆಂದು 1838ರ ಕೊನೆಯಲ್ಲಿ ಜರ್ಮನಿಯ ಸ್ಯಾಕ್ಸನಿಯಿಂದ 600ಕ್ಕೂ ಹೆಚ್ಚು ಲೂಥರನ್ ಕ್ರೈಸ್ತರು ಐದು ಹಡಗುಗಳಲ್ಲಿ ಅಮೆರಿಕಕ್ಕೆ ಹೊರಟರು. ಅವುಗಳಲ್ಲಿ ‘ಅಮಾಲಿಯಾ’ ಎಂಬ ಹಡಗು ಸಮುದ್ರದಲ್ಲೇ ಕಾಣೆಯಾಯಿತು. ಉಳಿದವರಲ್ಲಿ ಬಹಳಷ್ಟು ಜನ ಮಿಸ್ಸೌರಿಯ ಪೆರಿ ಕೌಂಟಿಯಲ್ಲಿ ಕಾಡು ಕಡಿದು ಆಲ್ಟೆನ್‌ಬರ್ಗ್, ವಿಟೆನ್‌ಬರ್ಗ್ ಮುಂತಾದ ಹಳ್ಳಿಗಳನ್ನು ಕಟ್ಟಿದರು. ಇಂಥವರ ವಂಶಸ್ಥರು ಮೂಲ ಹುಡುಕುವಾಗ ಸಾಮಾನ್ಯವಾಗಿ ತಮ್ಮಿಂದಲೇ ಹಿಂದಕ್ಕೆ ಹೋಗುತ್ತಾರೆ: ಅಪ್ಪ, ಅಜ್ಜ, ಮುತ್ತಜ್ಜ. ಈ ದಾರಿಯಲ್ಲಿ ಹಸುಗೂಸಾಗಿಯೇ ತೀರಿಕೊಂಡವರು, ಮದುವೆಯಾಗದೆ ಉಳಿದವರು, ಮನೆಮಂದಿಯೆಲ್ಲ ಒಟ್ಟಿಗೆ ಮುಳುಗಿಹೋದವರು ಎದುರಾಗುವುದೇ ಇಲ್ಲ. ಸತ್ತವರ ಋಣ ನಮ್ಮ ಮೇಲಿದೆ ಎಂದಾದರೆ ಅದು ನಮ್ಮನ್ನು ಹೆತ್ತ ಸಾಲಿಗಷ್ಟೇ ಸಲ್ಲತಕ್ಕದ್ದಲ್ಲ.

ಇದಕ್ಕೆ ಆ ವಲಸಿಗರ ಬದುಕೇ ಆಧಾರ. ಅವರನ್ನು ಕರೆತಂದ ಧರ್ಮಗುರು ಮಾರ್ಟಿನ್ ಸ್ಟೀಫನ್‌ನನ್ನು ದುರ್ನಡತೆಯ ಆರೋಪದ ಮೇಲೆ 1839ರಲ್ಲಿ ಅವರೇ ಹೊರಹಾಕಿದರು. ನಾಯಕನಿಲ್ಲ, ತಾಯ್ನಾಡಿಲ್ಲ, ನಾವಿನ್ನೂ ಚರ್ಚ್ ಹೌದೋ ಅಲ್ಲವೋ ಎಂಬ ಸಂಕಟ. 1841ರ ಏಪ್ರಿಲ್‌ನಲ್ಲಿ ಆಲ್ಟೆನ್‌ಬರ್ಗ್‌ನಲ್ಲಿ ನಡೆದ ಚರ್ಚೆಯಲ್ಲಿ ಅವರ ಜೊತೆಗೇ ಬಂದಿದ್ದ ಪಾದ್ರಿ ವಾಲ್ಥರ್ ಕೊಟ್ಟ ಉತ್ತರದ ಸಾರ ಇಷ್ಟು: ದೇವರ ವಾಕ್ಯವೂ ಸಂಸ್ಕಾರಗಳೂ ಇರುವಲ್ಲಿ, ಜನ ದಾರಿ ತಪ್ಪಿದ್ದರೂ, ಚರ್ಚ್ ಇದೆ. ಒಡೆದುಹೋಗಲಿದ್ದ ಸಮುದಾಯವನ್ನು ಹಿಡಿದು ನಿಲ್ಲಿಸಿದ್ದು ರಕ್ತವಲ್ಲ, ಈ ನಂಬಿಕೆ. ಲೂಥರನ್ ಚರ್ಚಿನ ದೀಕ್ಷಾಸ್ನಾನದ ಪುಸ್ತಕ ತೆರೆದರೂ ಅದೇ ಕಾಣುತ್ತದೆ. ‘ಇ’ಗೂ ‘ಎನ್’ಗೂ ವ್ಯತ್ಯಾಸವೇ ತಿಳಿಯದ ಹಳೆಯ ಜರ್ಮನ್ ಕೈಬರಹದಲ್ಲಿ ಮಗುವಿನ ಹೆಸರು, ಹೆತ್ತವರ ಹೆಸರು, ಅದರ ಜೊತೆಗೇ ಮಗುವಿನ ಧಾರ್ಮಿಕ ಹೊಣೆ ಹೊತ್ತ ಸಾಕ್ಷಿಗಳ ಹೆಸರು. ಅವರು ನೆಂಟರೇ ಆಗಿರಬೇಕೆಂದಿಲ್ಲ. ವಂಶವೃಕ್ಷ ಬರೆಯುವವರು ಈ ಹೆಸರುಗಳನ್ನು ಸುಳಿವಾಗಿ ಬಳಸಿ ಬಿಟ್ಟುಬಿಡುವುದು ನನಗೆ ಅನ್ಯಾಯವೆನಿಸುತ್ತದೆ.

ಎಲ್ಲರನ್ನೂ ಸೇರಿಸಿದರೆ ಅದು ಊರಿನ ಚರಿತ್ರೆಯಾದೀತು, ಮನೆತನದ್ದಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಆ ಮಗುವಿನ ಹೊಣೆ ಹೊತ್ತವರನ್ನು ಬಿಟ್ಟು ಮನೆತನದ ಗಡಿ ಎಳೆಯುತ್ತಿರುವವರು ನಾವು. ಹೆತ್ತವರು ಹಾಗೆ ಎಳೆದಿರಲಿಲ್ಲ. ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ: ಬದುಕಿರುವವರ ಕ್ರಿಯೆಯಿಂದ ಸತ್ತವರಿಗೆ ಮುಕ್ತಿ ದೊರಕಿಸಲಾಗದು ಎನ್ನುವ ಲೂಥರನ್ ಶ್ರದ್ಧೆಯಲ್ಲಿ ಈ ಋಣಕ್ಕೆ ಅರ್ಥವೇನು? ಸತ್ತವರಿಗೆ ಇದರಿಂದ ಆಗುವುದೇನೂ ಇಲ್ಲ, ಒಪ್ಪುತ್ತೇನೆ. ಆದರೆ ಋಣ ಎನ್ನುವುದು ಕೊಟ್ಟವರ ಲಾಭದ ಲೆಕ್ಕ ಮಾತ್ರವಲ್ಲ, ಪಡೆದವರು ಹೇಳಬೇಕಾದ ಸತ್ಯವೂ ಹೌದು. ಅಮಾಲಿಯಾದಲ್ಲಿ ಹೋದವರ ಬದುಕು ಮೊಮ್ಮಕ್ಕಳಿಲ್ಲದ ಮಾತ್ರಕ್ಕೆ ಅಪೂರ್ಣವಲ್ಲ. ನಮ್ಮ ಹುಟ್ಟಿಗೆ ಕಾರಣರಾದರೆಂಬುದೇ ಅವರ ಬೆಲೆಯಾಗಿದ್ದರೆ, ನಾವು ಹುಡುಕುತ್ತಿರುವುದು ಅವರನ್ನಲ್ಲ, ನಮ್ಮನ್ನೇ.