ಗಂಡಸರು ಮನ ಬಿಚ್ಚುವ ಮುನ್ನ

ಕಿರು ಕ್ರೈಸ್ತ ಸಮುದಾಯದ ಕೂಟ ನಡೆಯುವ ಸಂಜೆ ನಮ್ಮ ಯಾವ ಧರ್ಮಕೇಂದ್ರದ ಯಾವ ಮನೆಗಾದರೂ ಹೋಗಿ ನೋಡಿ. ಚಾಪೆಯ ಮೇಲೆ ತಾಯಂದಿರು, ಮಕ್ಕಳು. ಬಾಗಿಲ ಬಳಿ, ಚಪ್ಪಲಿಗಳ ಪಕ್ಕದಲ್ಲಿ, ಇಬ್ಬರೋ ಮೂವರೋ ಗಂಡಸರು. ಜಪಸರಕ್ಕೆ ಅವರ ದನಿ ಕೂಡುತ್ತದೆ, ಗೀತೆಗೂ ಕೂಡುತ್ತದೆ. 'ಈಗ ನಿಮ್ಮ ಅನುಭವ ಹಂಚಿಕೊಳ್ಳಿ' ಎಂದಾಕ್ಷಣ ಕಣ್ಣು ನೆಲ ನೋಡುತ್ತದೆ. ಯಲಹಂಕವಿರಲಿ, ಹೆಬ್ಬಾಳವಿರಲಿ, ಆರ್.ಟಿ. ನಗರವಿರಲಿ, ಇದೇ ದೃಶ್ಯ ಎಂದರೆ ಓದುಗರು ಸಿಟ್ಟಾಗಲಾರರು.

ಗಂಡಸರಿಗೆ ಮಾತು ಬಾರದೆಂದಲ್ಲ. ಯಲಹಂಕದ ರೈಲು ಗಾಲಿ ಕಾರ್ಖಾನೆಯ ಪಾಳಿ ಮುಗಿಸಿ ಬರುವವರು, ಜಾಲಹಳ್ಳಿಯ ಬಿ.ಇ.ಎಲ್. ಬಸ್ಸಿನಲ್ಲಿ ವರ್ಷಗಟ್ಟಲೆ ಅಕ್ಕಪಕ್ಕ ಕೂತವರು ಬೋನಸ್ಸು, ಕ್ರಿಕೆಟ್ಟು, ರಾಜಕೀಯ ಎಲ್ಲವನ್ನೂ ಆಡಿದವರೇ. ಪಕ್ಕದವನ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂಬುದು ಮಾತ್ರ ಗೊತ್ತಿರುವುದಿಲ್ಲ. 'ಅಳುವ ಗಂಡಸನ್ನು ನಂಬಬಾರದು' ಎಂಬ ಗಾದೆ ಕೇಳುತ್ತಲೇ ನಾವು ಬೆಳೆದವರು. (ಗಾದೆಯ ಉಳಿದರ್ಧ ಹೆಂಗಸರ ನಗುವನ್ನು ಕುರಿತದ್ದು. ಅದನ್ನು ಯಾರು ಕಟ್ಟಿದರೋ, ಬಿಡಿ.)

1990ರಲ್ಲಿ ಬಾಂಡುಂಗ್‌ನಲ್ಲಿ ಸೇರಿದ ಏಷ್ಯಾದ ಧರ್ಮಾಧ್ಯಕ್ಷರು ಧರ್ಮಸಭೆಯನ್ನು ಸಮುದಾಯಗಳ ಅನ್ಯೋನ್ಯತೆ ಎಂದು ಕಂಡರು. ದಕ್ಷಿಣ ಆಫ್ರಿಕದ ಲುಮ್ಕೋ ಸಂಸ್ಥೆಯಿಂದ ಏಳು ಹೆಜ್ಜೆಗಳ ಶುಭಸಂದೇಶ ಹಂಚಿಕೆ ಬಂದಿತು. ಅದರ ಐದನೆಯ ಹೆಜ್ಜೆಯೇ ಈ ಹಂಚಿಕೊಳ್ಳುವಿಕೆ: ಮನ ಮುಟ್ಟಿದ್ದನ್ನು ಹೇಳುವುದು, ಉಪದೇಶವಿಲ್ಲ, ಚರ್ಚೆಯಿಲ್ಲ. ಗಂಡಸರೂ ಬಾಯಿ ಬಿಡಲಿ ಎಂದು ಎಲ್ಲರೂ ಹೇಳುತ್ತೇವೆ. ಆದರೆ ಏನನ್ನು ಹೇಳಲಿ?

ಹೀಗೆಂದುಕೊಳ್ಳಿ. ಒಬ್ಬಾತ ಸ್ವಯಂನಿವೃತ್ತಿಯ ಹಣವನ್ನು ಚೀಟಿಯಲ್ಲಿ ಕಳೆದುಕೊಂಡಿದ್ದಾನೆ, ಮೇಲೆ ಸಾಲ. ಹೆಂಡತಿಗೆ ಹೇಳಿಲ್ಲ. ಕೂಟದಲ್ಲಿ ದುಃಖ ಉಕ್ಕಿ ಎಲ್ಲವನ್ನೂ ಹೇಳಿಬಿಡುತ್ತಾನೆ. ಎಲ್ಲರ ಕಣ್ಣೂ ತೇವ. ಭಾನುವಾರ ಬಲಿಪೂಜೆಯ ನಂತರ ಗುಡಿಯಂಗಳದಲ್ಲಿ ಯಾರೋ ಆಕೆಯ ಕೈ ಹಿಡಿದು, 'ಧೈರ್ಯವಾಗಿರಮ್ಮ, ದೇವರಿದ್ದಾನೆ' ಎನ್ನುತ್ತಾರೆ. ಆಕೆಗೆ ವಿಷಯ ತಿಳಿಯುವುದು ಹೀಗೆ.

ಆತ ಸುಳ್ಳಾಡಲಿಲ್ಲ, ಜಂಬ ಕೊಚ್ಚಲಿಲ್ಲ. ಆದರೂ ಆಕೆಗೆ ಅನ್ಯಾಯವಾಯಿತೆಂದೇ ನನ್ನ ತೀರ್ಮಾನ. ಆ ಸತ್ಯ ಮೊದಲು ಸಲ್ಲಬೇಕಾದದ್ದು ಅವಳಿಗೆ. ಕಳೆದ ಹಣದಲ್ಲಿ ಅವಳ ಪಾಲೂ ಇತ್ತು. ಮದುವೆಯಾದವನ ವೈಯಕ್ತಿಕ ಜೀವನ ಎಂಬುದು ಪೂರ್ತಿ ಅವನೊಬ್ಬನದೇ ಆಗಿರುವುದಿಲ್ಲ. ಅವನ ಕಥೆ ಹೇಳಹೊರಟರೆ ಅವಳ ಕಥೆ, ಮಕ್ಕಳ ಕಥೆ ಜೊತೆಗೇ ಬಂದುಬಿಡುತ್ತದೆ. ಸಂತ ಯಕೋಬರು ತಮ್ಮ ಪತ್ರದ 5ನೆಯ ಅಧ್ಯಾಯದಲ್ಲಿ ಪರಸ್ಪರ ಪಾಪಗಳನ್ನು ಒಪ್ಪಿಕೊಳ್ಳಲು ಹೇಳುವುದು ನಿಜ. ಅವರು ಹೇಳುವುದು ನಮ್ಮ ಪಾಪಗಳ ವಿಷಯ, ಮಗನ ಕುಡಿತದ ವಿಷಯವಲ್ಲ, ಸೊಸೆಯ ನಾಲಗೆಯ ವಿಷಯವೂ ಅಲ್ಲ.

ಹಾಗಾದರೆ ಬಾಯಿ ಮುಚ್ಚಿಕೊಂಡಿರಬೇಕೇ? ಕೆಲವು ಗಂಡಸರು ಇನ್ನೊಬ್ಬ ಗಂಡಸಿಗೆ ಹೇಳದೆ ಹೆಂಡತಿಗೆ ಹೇಳುವ ಧೈರ್ಯ ಪಡೆಯಲಾರರು ಎಂಬುದನ್ನು ಬಲ್ಲೆ. ಗೆತ್ಸೆಮನಿ ತೋಪಿನಲ್ಲಿ ಯೇಸುಸ್ವಾಮಿಯೂ ತಮ್ಮ ಪ್ರಾಣಸಂಕಟವನ್ನು ಹೇಳಿಕೊಂಡರು. ಯಾರಿಗೆ? ಜನಸಮೂಹಕ್ಕಲ್ಲ, ಶಿಷ್ಯರೆಲ್ಲರಿಗೂ ಅಲ್ಲ. ಪೇತ್ರ, ಯಕೋಬ, ಯೊವಾನ್ನ ಈ ಮೂವರಿಗೆ. ಅವರಿಂದ ಬಯಸಿದ್ದು ಪರಿಹಾರವನ್ನಲ್ಲ, ಎಚ್ಚರವಾಗಿರುವುದನ್ನು. ಅವರೋ ನಿದ್ದೆ ಹೋದರು. ನಮ್ಮ ಸಾಲಗಾರನೂ ಕೂಟದಲ್ಲಿ 'ಮನೆಯವಳಿಂದ ಒಂದು ವಿಷಯ ಮುಚ್ಚಿಟ್ಟಿದ್ದೇನೆ, ಹೇಳುವ ಧೈರ್ಯಕ್ಕಾಗಿ ಪ್ರಾರ್ಥಿಸಿ' ಎಂದಷ್ಟೇ ಹೇಳಬಹುದಿತ್ತು. ಅದು ಅವನದೇ ಮಾತು. ಉಳಿದದ್ದಕ್ಕೆ ಒಬ್ಬ ನಂಬಿಗಸ್ತ ಸಾಕು.

ಇನ್ನು ಕೇಳುವವರ ಮಾತು. 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. ಕೇಳಿದ ಗುರು ಅದನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಹೊರಗೆಡಹಬಾರದೆಂದು ಅದೇ ನಿಯಮದಲ್ಲಿ ಸೇರಿಸಿತು. ಹೇಳು ಎನ್ನುವವರು ಬಾಯಿಗೆ ಮುದ್ರೆಯನ್ನೂ ಹಾಕಿಕೊಳ್ಳಬೇಕು ಎಂಬ ವಿವೇಕ ಅಲ್ಲಿದೆ. ನಮ್ಮ ಚಾಪೆಯ ಮೇಲಿನ ಕೂಟಕ್ಕೆ ಆ ಮುದ್ರೆಯಿಲ್ಲ. ಕುಡಿತ ಬಿಡಬಯಸುವವರ ಎ.ಎ. ಬಳಗ 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಇಬ್ಬರು ಗಂಡಸರ ಮಾತುಕತೆಯಿಂದ ಆರಂಭವಾಯಿತು. ಅವರು ಮನೆತನದ ಹೆಸರು ಹೇಳಿಕೊಳ್ಳುವುದಿಲ್ಲ, ಕೇಳಿದ್ದನ್ನು ಹೊರಗೆ ಒಯ್ಯುವುದಿಲ್ಲ. ಅಲ್ಲಿ ಗಂಡಸರು ಅಳುತ್ತಾರೆ. ನಮ್ಮಲ್ಲಿ ಅಳದಿರುವುದಕ್ಕೆ ಕಾರಣ ಅವರ ಗರ್ವವೊಂದೇ ಎಂದು ದೂರುವ ಮೊದಲು ನಮ್ಮ ನಾಲಗೆಯನ್ನೂ ನೋಡಿಕೊಳ್ಳೋಣ.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಸುಳ್ಳು ಅಪವಾದವನ್ನು ಒಂದು ಪಾಪವೆಂದು, ತಕ್ಕ ಕಾರಣವಿಲ್ಲದೆ ಮತ್ತೊಬ್ಬರ ನಿಜವಾದ ತಪ್ಪನ್ನು ತಿಳಿಯದವರಿಗೆ ತಿಳಿಸುವುದನ್ನು ಬೇರೆಯೇ ಒಂದು ಪಾಪವೆಂದು ಹೆಸರಿಸುತ್ತದೆ. 'ಇದ್ದದ್ದನ್ನೇ ಹೇಳಿದೆನಲ್ಲ' ಎಂಬ ಸಮಜಾಯಿಷಿ ಅಲ್ಲಿ ನಿಲ್ಲದು. ಈಗ ಅದಕ್ಕೊಂದು ಭಕ್ತಿಯ ಉಡುಪೂ ಸಿಕ್ಕಿದೆ: 'ಇಂಥವರ ಸಾಲದ ತೊಂದರೆಗಾಗಿ ಪ್ರಾರ್ಥಿಸಿ' ಎಂದು ವಾಟ್ಸಾಪ್‌ನಲ್ಲಿ ಇಡೀ ಧರ್ಮಕೇಂದ್ರಕ್ಕೆ ಸಂದೇಶ. ಹೆಸರಿಲ್ಲದೆ ಪ್ರಾರ್ಥಿಸಿದರೆ ದೇವರಿಗೆ ಗುರುತು ಸಿಗದೇನು?

ಕೂಟದ ಮುಂದಾಳು ಮೊದಲ ಪ್ರಾರ್ಥನೆಗೂ ಮುಂಚೆ, 'ಇಲ್ಲಿ ಕೇಳಿದ್ದು ಈ ಹೊಸ್ತಿಲು ದಾಟಬಾರದು' ಎಂದು ಪ್ರತಿ ವಾರ ಹೇಳಲಿ, ಬೇಸರ ಬಂದರೂ ಹೇಳಲಿ. ಆ ಸಾಲಗಾರ ಮುಂದಿನ ವಾರ ಬಂದಾಗ ಎಷ್ಟು ಸಾಲ, ಯಾರ ಬಳಿ ಎಂದು ವಿಚಾರಿಸುವುದು ಬೇಡ. ಮನೆಯಲ್ಲಿ ಹೇಳಿದೆಯಾ ಎಂದು ಒಬ್ಬರು ಮೆಲ್ಲಗೆ ಕೇಳಲಿ. ಇಲ್ಲವೆಂದರೆ, ಕೂಟ ಮುಗಿದ ಮೇಲೆ ಅವನ ಮನೆಯ ಗೇಟಿನವರೆಗೆ ಜೊತೆಗೆ ನಡೆದು ಹೋಗಲಿ.