ಬಾತ್ಮೀದಾರನೂ ಸಾಕ್ಷಿದಾರನೂ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಅಪರಾಧ ಸುದ್ದಿಗಳನ್ನು ಓದುವವರಿಗೆ ‘ಖಚಿತ ಬಾತ್ಮಿ ಮೇರೆಗೆ ದಾಳಿ’ ಎಂಬ ಸಾಲು ಬಾಯಿಪಾಠವಾಗಿರುತ್ತದೆ. ತುಂಗಭದ್ರೆಯ ದಂಡೆಯಿಂದ ಹೊರಟ ಮರಳಿನ ಟ್ರ್ಯಾಕ್ಟರ್ ಇರಲಿ, ಓಸಿ ಚೀಟಿ ಇರಲಿ, ಸುದ್ದಿ ಶುರುವಾಗುವುದು ಹಾಗೆಯೇ. ಅಂಥ ಪ್ರಕರಣಗಳ ತೀರ್ಪು ಪತ್ರಿಕೆಯಲ್ಲಿ ಬರುವುದೇ ಅಪರೂಪ. ಬಂದರೆ ಇನ್ನೊಂದು ಸಿದ್ಧ ಸಾಲು ಜೊತೆಗಿರುತ್ತದೆ: ‘ಸಾಕ್ಷ್ಯಾಧಾರದ ಕೊರತೆಯಿಂದ ಖುಲಾಸೆ’. ಬಾತ್ಮಿ ಖಚಿತವಾಗಿದ್ದರೆ ಸಾಕ್ಷ್ಯ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಈ ಸಂವಾದಕ್ಕೆ ಕಾರಣ. ಮಾತಾಡುವ ಇಬ್ಬರೂ ಕಲ್ಪಿತರು. ಒಬ್ಬರು ಕ್ರಿಮಿನಲ್ ವಕೀಲರು, ಮತ್ತೊಬ್ಬರು ಹೈಸ್ಕೂಲು ಮಾಸ್ತರರು. ನನ್ನ ಒಲವು ವಕೀಲರ ಕಡೆಗಿದೆ, ಅದನ್ನು ಮುಚ್ಚಿಡುವುದಿಲ್ಲ.

ಮಾಸ್ತರ: ಠಾಣೆಗೆ ಗುಟ್ಟಾಗಿ ಹೇಳಿದವನೂ ಖರೇನೇ ಹೇಳಿದ, ಕಟಕಟೆಯಲ್ಲಿ ನಿಂತು ಹೇಳಿದವನೂ ಖರೇನೇ ಹೇಳಿದ. ಒಬ್ಬನಿಗೆ ಧೈರ್ಯ ಹೆಚ್ಚು, ಇನ್ನೊಬ್ಬನಿಗೆ ಕಡಿಮೆ. ಅಷ್ಟೇ ಅಲ್ಲೇನ್ರಿ ವ್ಯತ್ಯಾಸ?

ವಕೀಲ: ಧೈರ್ಯದಿಂದ ಅಳೆಯಲು ಹೋದರೆ ಲೆಕ್ಕ ತಪ್ಪುತ್ತದೆ. ಮಟ್ಕಾ ಬುಕ್ಕಿಯ ಮಗ್ಗುಲಲ್ಲೇ ಕೂತು ಠಾಣೆಗೆ ಸುದ್ದಿ ಮುಟ್ಟಿಸುವವನಿಗೆ ಧೈರ್ಯ ಕಡಿಮೆ ಎನ್ನಲಾದೀತೆ? ಇತ್ತ ಎಷ್ಟೋ ಸಾಕ್ಷಿಗಳು ಕೋರ್ಟಿಗೆ ಬರುವುದು ಸಮನ್ಸ್ ಬಂದಿದೆ, ಹೋಗದಿದ್ದರೆ ವಾರಂಟ್ ಬರುತ್ತದೆ ಎಂಬ ಅಂಜಿಕೆಯಿಂದ. ವ್ಯತ್ಯಾಸ ಮನುಷ್ಯರ ಸ್ವಭಾವದಲ್ಲಿಲ್ಲ, ಅವರ ಮಾತನ್ನು ಯಾವುದಕ್ಕೆ ಬಳಸುತ್ತೇವೆ ಎಂಬುದರಲ್ಲಿದೆ. ನಮ್ಮ ಬಯಲುಸೀಮೆಯಲ್ಲಿ ಬೋರ್‌ವೆಲ್ ಪಾಯಿಂಟ್ ತೋರಿಸುವವರಿದ್ದಾರೆ. ಅವರು ತೋರಿಸಿದ ಕಡೆ ಕೊರೆಯಬಹುದು, ಆದರೆ ಅವರು ತೋರಿಸಿದರು ಎಂಬ ಕಾರಣಕ್ಕೆ ಬ್ಯಾಂಕು ಆ ಹೊಲವನ್ನು ನೀರಾವರಿ ಎಂದು ಬರೆದುಕೊಳ್ಳುವುದಿಲ್ಲ. ಬಾತ್ಮೀದಾರ ಹುಡುಕುವ ದಿಕ್ಕು ಹೇಳುತ್ತಾನೆ, ಅವನ ಮಾತಿನ ಕೆಲಸ ಅಲ್ಲಿಗೆ ಮುಗಿಯಿತು. ಸಾಕ್ಷಿಯ ಮಾತು ಶುರುವಾಗುವುದೇ ಆಮೇಲೆ. ಆ ಮಾತಿನ ಮೇಲೆ ಒಬ್ಬ ಮನುಷ್ಯ ಜೈಲಿಗೆ ಹೋಗುತ್ತಾನೆ, ಆದ್ದರಿಂದ ಆ ಮನುಷ್ಯನಿಗೆ ಅದನ್ನು ಜಗ್ಗಿ ನೋಡುವ ಹಕ್ಕಿರುತ್ತದೆ. ಪಾಟೀಸವಾಲು ಎಂದರೆ ಅದೇ: ಕತ್ತಲಿತ್ತಲ್ಲ, ನಿನಗೆ ಹೇಗೆ ಕಂಡಿತು? ಆರೋಪಿಯ ಜೊತೆ ಹೊಲದ ಬದುವಿನ ತಕರಾರು ಇತ್ತೋ ಇಲ್ಲವೋ? ಬಾತ್ಮೀದಾರನಿಗೆ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಹಾಗಾಗಿ ನಾನು ಹೇಳುವುದು ಇಷ್ಟು: ಒಂದು ಮಾತಿಗೆ ಗುಟ್ಟು ಕೊಡಬಹುದು, ಇಲ್ಲವೇ ತೂಕ ಕೊಡಬಹುದು. ಎರಡನ್ನೂ ಒಂದೇ ಮಾತಿಗೆ ಕೊಡಬಾರದು.

ಮಾಸ್ತರ: ಕಾನೂನು ಹಾಗೆ ಹೇಳುತ್ತದೋ, ನೀವು ಹೇಳುತ್ತೀರೋ?

ವಕೀಲ: ಇಷ್ಟು ಬಿಡಿಸಿ ಕಾನೂನು ಹೇಳಿಲ್ಲ. ಅದರ ಕಲಮುಗಳನ್ನು ಒಟ್ಟಿಗಿಟ್ಟು ಓದಿದರೆ ಅರ್ಥ ಹೊರಡುತ್ತದೆ. 1872ರ ಸಾಕ್ಷ್ಯ ಅಧಿನಿಯಮದಲ್ಲಿ 125ನೇ ಕಲಮು ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ 131 ಆಗಿದೆ. ಅಪರಾಧದ ಮಾಹಿತಿ ಎಲ್ಲಿಂದ ಬಂತು ಎಂದು ಹೇಳುವಂತೆ ಮ್ಯಾಜಿಸ್ಟ್ರೇಟರನ್ನಾಗಲಿ ಪೊಲೀಸ್ ಅಧಿಕಾರಿಯನ್ನಾಗಲಿ ಒತ್ತಾಯಿಸುವಂತಿಲ್ಲ. ಸರ್ಕಾರದ ಆದಾಯಕ್ಕೆ ಧಕ್ಕೆ ತರುವ ಅಪರಾಧವಾದರೆ ಕಂದಾಯ ಅಧಿಕಾರಿಗೂ ಅದೇ ರಕ್ಷಣೆ. ಇದು ಗುಟ್ಟಿನ ಭಾಗ. ತೂಕದ ಭಾಗ ಬೇರೆ ಕಡೆ ಇದೆ: ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು, ಕಂಡದ್ದನ್ನು ಕಂಡವನೇ, ಕೇಳಿದ್ದನ್ನು ಕೇಳಿದವನೇ ಬಂದು ಹೇಳಬೇಕು. ಅಂದರೆ ‘ನನಗೆ ಒಬ್ಬ ನಂಬಿಕಸ್ಥ ಹೇಳಿದ’ ಎಂದು ಪಿಎಸ್‌ಐ ಕೋರ್ಟಿನಲ್ಲಿ ನುಡಿದರೆ, ತಾನು ಯಾಕೆ ದಾಳಿಗೆ ಹೊರಟೆ ಎಂಬುದಕ್ಕೆ ಅದು ವಿವರಣೆಯಾದೀತು. ದಾಳಿಯಲ್ಲಿ ಸಿಕ್ಕವನು ಅಪರಾಧಿ ಎಂಬುದಕ್ಕೆ ಪುರಾವೆಯಾಗದು. ಇನ್ನೂ ಒಂದು ಸೂಕ್ಷ್ಮವಿದೆ. ಠಾಣೆಯಲ್ಲಿ ಬರೆದುಕೊಂಡ ಹೇಳಿಕೆಗೆ ಸಾಕ್ಷಿಯಿಂದಲೂ ಸಹಿ ಹಾಕಿಸಿಕೊಳ್ಳುವಂತಿಲ್ಲ. ಅದು ಬಹುಮಟ್ಟಿಗೆ ಅವನು ಕೋರ್ಟಿನಲ್ಲಿ ಬೇರೆ ಮಾತಾಡಿದಾಗ ಎದುರಿಗೆ ಹಿಡಿಯಲು ಮಾತ್ರ. ಠಾಣೆಯ ಹೊಸ್ತಿಲೊಳಗೆ ಇರುವವರೆಗೆ ಸಾಕ್ಷಿಯ ಮಾತಿಗೂ ತೂಕವಿಲ್ಲ ಅಂದಹಾಗಾಯಿತು.

ಮಾಸ್ತರ: ಹಂಗಾದರೆ ಪಂಚರು ಯಾರು? ಅವರು ಕಂಡವರೂ ಅಲ್ಲ, ಸುದ್ದಿ ಕೊಟ್ಟವರೂ ಅಲ್ಲ.

ವಕೀಲ: ದಾಳಿಯ ಹೊತ್ತಿಗೆ ಅಲ್ಲಿದ್ದು, ಇಂಥ ವಸ್ತು ಇಂಥ ಕಡೆ ಸಿಕ್ಕಿತು ಎಂದು ನೋಡಿ ಸಹಿ ಹಾಕುವವರು. ಅವರು ಸಾಕ್ಷಿಗಳೇ, ಅಪರಾಧಕ್ಕಲ್ಲ, ಜಪ್ತಿಗೆ. ಬಾತ್ಮೀದಾರನ ಮಾತು ಪುರಾವೆಯಾಗಿ ಬದಲಾಗುವ ಹೊಲಿಗೆ ಅವರ ಸಹಿಯ ಮೇಲಿದೆ. ಚಹಾದಂಗಡಿಯಿಂದ ಕರೆತಂದ, ಪ್ರತಿ ಕೇಸಿಗೂ ಅದೇ ಮುಖದ ಪಂಚರಾದರೆ ಆ ಹೊಲಿಗೆ ಬಿಚ್ಚುತ್ತದೆ. ‘ಪೊಲೀಸರು ಹೇಳಿದ ಕಡೆ ಸಹಿ ಹಾಕಿದೆ’ ಎಂದು ಅವರು ಕೋರ್ಟಿನಲ್ಲಿ ಹೇಳಿಬಿಟ್ಟರೆ ಖಚಿತ ಬಾತ್ಮಿ ನೆಲಕ್ಕೆ ಬಿತ್ತು. ಸಾಕ್ಷ್ಯದ ಕೊರತೆಯ ಖುಲಾಸೆಗಳಲ್ಲಿ ಅನೇಕವು ಇಲ್ಲೇ ಹುಟ್ಟುತ್ತವೆ.

ಮಾಸ್ತರ: ಒಪ್ಪಿದೆ. ಆದರೆ ನಮ್ಮ ಜನ ಬಾತ್ಮೀದಾರನನ್ನು ನೋಡುವ ಕಣ್ಣೇ ಬೇರೆ. ಸಂಗೊಳ್ಳಿ ರಾಯಣ್ಣನನ್ನು ಹಿಡಿದುಕೊಟ್ಟವರನ್ನು ಲಾವಣಿಗಳು ಇವತ್ತಿಗೂ ಬಿಟ್ಟಿಲ್ಲ. ಅಷ್ಟು ದೂರ ಯಾಕೆ, ನಮ್ಮ ಮುಂಡರಗಿ ಭೀಮರಾಯನ ಕಥೆ ನೋಡ್ರಿ. 1858ರಲ್ಲಿ ಹಮ್ಮಿಗಿಯಲ್ಲಿ ಕೂಡಿಟ್ಟಿದ್ದ ಆಯುಧಗಳ ಸುಳಿವು ಬ್ರಿಟಿಷ್ ಸರ್ಕಾರಕ್ಕೆ ಸಿಕ್ಕಿತು, ಬಂಡಾಯ ಅವಸರದಲ್ಲಿ ಸಿಡಿಯಿತು, ಡಂಬಳದ ಖಜಾನೆ ಲೂಟಿಯಾಯಿತು, ಕೊನೆಗೆ ಕೊಪ್ಪಳದ ಕೋಟೆಯಲ್ಲಿ ಭೀಮರಾಯ ಸತ್ತ. ಸುಳಿವು ಕೊಟ್ಟವನನ್ನು ದ್ರೋಹಿ ಅನ್ನಬೇಕೋ, ಕಾನೂನು ಪಾಲಿಸಿದವ ಅನ್ನಬೇಕೋ?

ವಕೀಲ: ಈ ಪ್ರಶ್ನೆಗೆ ಇಳಿದರೆ ರಾತ್ರಿಯೆಲ್ಲ ಸಾಲದು. ದೊರೆ ಯಾರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ, ಇವತ್ತಿನ ಮರಳು ಕಳ್ಳನ ಮೇಲೆ ಸುಳಿವು ಕೊಟ್ಟವನಿಗೆ ರಾಯಣ್ಣನ ಕಾಲದ ಶಾಪ ತಗಲುವುದೂ ಅದೇ ಗೊಂದಲದಿಂದ. ಆದರೆ ಅದೇ 1858ರಲ್ಲಿ ನಮ್ಮ ಮಾತಿಗೆ ಬೇಕಾದದ್ದೊಂದು ಇದೆ. ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಕೊಲೆಯಾದದ್ದು ಮೇ 29ರಂದು. ಅದಕ್ಕಾಗಿ ನರಗುಂದದ ದೊರೆ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು ಜೂನ್ 12ರಂದು. ಹದಿನಾಲ್ಕು ದಿನದಲ್ಲಿ ಅಪರಾಧ, ಬಂಧನ, ವಿಚಾರಣೆ, ಶಿಕ್ಷೆ ಎಲ್ಲ ಮುಗಿಯುವ ಕಡೆ ಸುದ್ದಿ ಕೊಟ್ಟವನೂ ಸಾಕ್ಷಿ ನುಡಿದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಮಾತನ್ನು ಜಗ್ಗಿ ನೋಡಲು ವ್ಯವಧಾನವೇ ಇಲ್ಲದಿದ್ದರೆ ಯಾವ ಮಾತು ಪುರಾವೆ, ಯಾವುದು ಬರೀ ಸುಳಿವು ಎಂದು ಬೇರ್ಪಡಿಸುವುದು ಹೇಗೆ? ಸಂಸ್ಥಾನಗಳ ಕಾಲದಲ್ಲಿ ಇದಕ್ಕೆ ಇನ್ನೊಂದು ಗಂಟಿತ್ತು. ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗಲಿಗೆ ಸೇರಿತ್ತು, ಲಕ್ಷ್ಮೇಶ್ವರ ಮಿರಜಕ್ಕೆ. ಚಕ್ಕಡಿ ಹೂಡಿ ಹೊರಟರೆ ಒಂದೇ ದಿನದಲ್ಲಿ ಮೂರು ಸರ್ಕಾರ ದಾಟಬಹುದಿತ್ತು. ಸಮನ್ಸ್ ಗಡಿ ದಾಟಬೇಕಾದರೆ ಕಾಗದಪತ್ರ ಬೇಕು, ಸುದ್ದಿಗೆ ಬೇಡ. ಅಂಥ ಸೀಮೆಯಲ್ಲಿ ಸಾಕ್ಷಿಗಿಂತ ಬಾತ್ಮೀದಾರನೇ ಅಗ್ಗ.

ಮಾಸ್ತರ: ಈಗಲೂ ಅಗ್ಗವೇ.

ವಕೀಲ: ಸರ್ಕಾರದ ಮಟ್ಟಿಗೆ ಹೌದು. ನೋಡಿ, ಸುಂಕ ಇಲಾಖೆ ಕಳ್ಳಸಾಗಣೆಯ ಸುಳಿವು ಕೊಟ್ಟವನಿಗೆ ಹಿಡಿದ ಮಾಲಿನ ಬೆಲೆಯಲ್ಲಿ ಶೇಕಡಾ 20ರವರೆಗೆ ಬಹುಮಾನ ಇಟ್ಟಿದೆ. ಕೊಲೆ ಕಂಡ ಸಾಕ್ಷಿಗೆ ಬಸ್ ಚಾರ್ಜು, ಊಟದ ಭತ್ಯೆ. ಸಾಕ್ಷಿಗೆ ಬಹುಮಾನ ಕೊಡಬೇಕು ಎನ್ನುವವನಲ್ಲ ನಾನು. ಹಣ ಪಡೆದ ಸಾಕ್ಷಿಯ ಮಾತು ಪಾಟೀಸವಾಲಿನಲ್ಲಿ ಹತ್ತು ನಿಮಿಷ ನಿಲ್ಲದು. ಆದರೆ ಹಣ ಸಲ್ಲದ ಕಡೆ ರಕ್ಷಣೆಯಾದರೂ ಸಲ್ಲಬೇಕಲ್ಲ.

ಮಾಸ್ತರ: ರಕ್ಷಣೆ ಅಂದರೆ ಹೆಸರು ಮುಚ್ಚುವುದು ತಾನೆ? ಆಗ ಸಾಕ್ಷಿಯೂ ಬಾತ್ಮೀದಾರನೇ ಆದನಲ್ಲ. ಭಯೋತ್ಪಾದನೆ ಕೇಸುಗಳಲ್ಲಿ ಸಾಕ್ಷಿಯ ಹೆಸರು ಗುಟ್ಟಾಗಿಡುತ್ತಾರೆ ಅಂತ ಓದಿದ್ದೇನೆ. ನಿಮ್ಮ ಗುಟ್ಟು-ತೂಕದ ಸೂತ್ರ ಅಲ್ಲಿ ಮುರಿಯಿತು.

ವಕೀಲ: ಇದು ನೀವು ಎತ್ತಿದ ಗಟ್ಟಿ ಆಕ್ಷೇಪ. ಯುಎಪಿಎ ಕಾಯ್ದೆಯ 44ನೇ ಕಲಮು ಅದಕ್ಕೆ ಅವಕಾಶ ಕೊಟ್ಟಿದೆ, ನಿಜ. 2018ರ ಡಿಸೆಂಬರ್ 5ರಂದು ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿ ದೇಶಕ್ಕೆಲ್ಲ ಅನ್ವಯಿಸಿದ ಸಾಕ್ಷಿ ಸಂರಕ್ಷಣಾ ಯೋಜನೆಯಲ್ಲೂ ಗುರುತು ಮರೆಮಾಡುವ ಕ್ರಮಗಳಿವೆ. ಬೆದರಿಕೆಯನ್ನು ಮೂರು ವರ್ಗ ಮಾಡಿದ್ದಾರೆ. ಜೀವಕ್ಕೆ ಅಪಾಯವಿದ್ದರೆ ಎ, ಸುರಕ್ಷತೆ, ಮಾನ, ಆಸ್ತಿಗೆ ಇದ್ದರೆ ಬಿ, ಕಿರುಕುಳವಾದರೆ ಸಿ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ ಅರ್ಜಿ ನೋಡುತ್ತದೆ, ಅದರಲ್ಲಿ ಜಿಲ್ಲೆಯ ಪೊಲೀಸ್ ಮುಖ್ಯಸ್ಥರೂ ಅಭಿಯೋಜನೆಯ ಮುಖ್ಯಸ್ಥರೂ ಇರುತ್ತಾರೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಮು ಇಂಥ ಯೋಜನೆಯನ್ನು ಪ್ರತಿ ರಾಜ್ಯಕ್ಕೂ ಕಡ್ಡಾಯ ಮಾಡಿದೆ. ಆದರೆ ಪರದೆಯ ಹಿಂದೆ ಕೂರಿಸಿದರೂ, ದನಿ ಬದಲಿಸಿದರೂ ಆ ಸಾಕ್ಷಿ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಮುಚ್ಚಿರುವುದು ಮುಖ, ಮಾತಲ್ಲ. ಕೆಲವು ಪ್ರಶ್ನೆ ಮುಖ ಕಾಣದೆ ಕೇಳಲಾಗದು. ಬದುವಿನ ತಕರಾರು ಇತ್ತೇ ಎಂದು ಕೇಳಬೇಕಾದರೆ ಹೊಲ ಯಾರದೆಂದು ಗೊತ್ತಿರಬೇಕಲ್ಲ. ಅಲ್ಲಿ ಆರೋಪಿಗೆ ಪೆಟ್ಟು ಬೀಳುತ್ತದೆ, ನನ್ನ ಸೂತ್ರಕ್ಕೂ ಬೀಳುತ್ತದೆ. ಅದಕ್ಕೇ ಆ ಸೌಲಭ್ಯ ಸಮಿತಿಯ, ಕೋರ್ಟಿನ ಕಣ್ಣೆದುರು ಸಿಗಬೇಕು, ಠಾಣೆಯ ಮರ್ಜಿಯಿಂದಲ್ಲ.

ಮಾಸ್ತರ: ಧಾರವಾಡದಲ್ಲಿ ಕೊಲೆಯಾದ ಸಂಶೋಧಕ ಕಲಬುರ್ಗಿಯವರ ಮನೆಯವರಿಗೆ ಪರದೆ ಇರಲಿಲ್ಲವಲ್ಲ.

ವಕೀಲ: ಇರುವಂತೆಯೂ ಇರಲಿಲ್ಲ. ಗದಗಿನ ತೋಂಟದಾರ್ಯ ಮಠದ ಅಧ್ಯಯನ ಸಂಸ್ಥೆಗೆ ದುಡಿದ ಮನುಷ್ಯ, ಹಾಗಾಗಿ ಈ ಭಾಗದವರಿಗೆ ಆ ಸಾವು ದೂರದ್ದಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಮನೆಬಾಗಿಲಲ್ಲೇ ಗುಂಡು ಹೊಡೆದರು. ವರ್ಷಗಳ ಕಾಲ ತನಿಖೆಗೆ ದಿಕ್ಕು ಸಿಗಲಿಲ್ಲ. ದಿಕ್ಕು ಸಿಕ್ಕಿದ್ದು ಬಹುಮಟ್ಟಿಗೆ 2017ರ ಗೌರಿ ಲಂಕೇಶ್ ಹತ್ಯೆಯ ತನಿಖೆಯಿಂದ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನೂ ಅದೇ ವಿಶೇಷ ತನಿಖಾ ತಂಡಕ್ಕೆ ವಹಿಸಿತು. ಆಮೇಲೆ ಗುರುತು ಪತ್ತೆ ಪರೇಡಿನಲ್ಲಿ ಅವರ ಪತ್ನಿ ಒಬ್ಬ ಆರೋಪಿಯನ್ನು ಗುರುತಿಸಿದರು ಎಂದು ವರದಿಯಾಯಿತು. ಇಲ್ಲಿ ಎರಡೂ ಕೆಲಸ ಬಿಡಿಬಿಡಿಯಾಗಿ ಕಾಣುತ್ತವೆ. ಆ ಹೆಣ್ಣುಮಗಳು ಕಂಡಿದ್ದರು, ಆದರೆ ಯಾರನ್ನು ಅವರ ಎದುರು ನಿಲ್ಲಿಸಬೇಕೆಂದು ತನಿಖೆಗೆ ಗೊತ್ತಿರಲಿಲ್ಲ. ಸುಳಿವು ಬಂದ ಮೇಲೂ ಆ ಸುಳಿವಿಗೆ ತೂಕ ಬರಲು ಅವರ ಕಣ್ಣು ಬೇಕಾಯಿತು. ಆ ಕಣ್ಣಿಗೆ ಎಷ್ಟು ತೂಕ ಎಂಬುದನ್ನು ವಿಚಾರಣೆ ನಡೆಸುವ ಕೋರ್ಟು ಹೇಳಬೇಕು, ನಾನಲ್ಲ.

ಮಾಸ್ತರ: ಒಬ್ಬರೇ ಎರಡೂ ಆದರೆ? ಬೆಟಗೇರಿಯ ಓಣಿಯಲ್ಲಿ ಕೊಲೆ ಕಂಡು 112ಕ್ಕೆ ಫೋನು ಮಾಡಿ, ‘ನನ್ನ ಹೆಸರು ಹೇಳಬ್ಯಾಡ್ರಿ’ ಅಂದವಳು?

ವಕೀಲ: ಫೋನಿನ ಮಟ್ಟಿಗೆ ಅವಳು ಮಾಹಿತಿ ಕೊಟ್ಟವಳು, ಕಂಡದ್ದರ ಮಟ್ಟಿಗೆ ಸಾಕ್ಷಿ. 131ನೇ ಕಲಮು ಪೊಲೀಸರ ಬಾಯಿಗೆ ರಕ್ಷಣೆ ಕೊಡುತ್ತದೆಯೇ ಹೊರತು ಅವಳ ಕಣ್ಣಿಗೆ ಕೊಡುವುದಿಲ್ಲ. ತನಿಖಾಧಿಕಾರಿ ನಿರ್ಧರಿಸಬೇಕು: ಅವಳಿಲ್ಲದೆ ಕೇಸು ನಿಲ್ಲುತ್ತದೆಯೋ? ನಿಂತರೆ ಅವಳ ಹೆಸರು ದೋಷಾರೋಪ ಪಟ್ಟಿಯಲ್ಲಿ ಬರಬೇಕಿಲ್ಲ. ನಿಲ್ಲದಿದ್ದರೆ ಮೊದಲ ದಿನವೇ ಅವಳಿಗೆ ಅದನ್ನು ಹೇಳಿ ರಕ್ಷಣೆಯ ಅರ್ಜಿ ಹಾಕಿಸಬೇಕು. ಗುಟ್ಟಿನ ಭರವಸೆ ಕೊಟ್ಟು ಆರು ತಿಂಗಳ ಮೇಲೆ ಸಮನ್ಸ್ ಕಳಿಸಿದರೆ ಅವಳು ಪ್ರತಿಕೂಲ ಸಾಕ್ಷಿಯಾಗದೆ ಇನ್ನೇನಾದಾಳು? ಊರವರ ಕಣ್ಣಿಗೆ ಅವಳು ಸಾಕ್ಷಿಯಲ್ಲ, ಪೊಲೀಸರ ಕಡೆಯವಳು.

ಮಾಸ್ತರ: ಅದೂ ಸರಿ. ಕೊನೆಗೊಂದು. ಬಾತ್ಮೀದಾರನೇ ಸುಳ್ಳು ಹೇಳಿ, ಮಾಲೂ ಅವನೇ ಇಟ್ಟಿದ್ದರೆ?

ವಕೀಲ: ಇಂಗ್ಲೆಂಡಿನಲ್ಲಿ 1890ರ ಮಾರ್ಕ್ಸ್-ಬೇಫಸ್ ಪ್ರಕರಣದಿಂದಲೂ ಒಂದು ಅಪವಾದವಿದೆ. ಆರೋಪಿ ನಿರಪರಾಧಿ ಎಂದು ತೋರಿಸಲು ಬೇಕೇಬೇಕಾದರೆ ಬಾತ್ಮೀದಾರನ ಗುಟ್ಟು ಒಡೆಯಬಹುದು. ನಮ್ಮ ಕಲಮಿನ ಪದಗಳಲ್ಲಿ ಆ ಅಪವಾದವಿಲ್ಲ. ಮಾದಕವಸ್ತು ಕಾಯ್ದೆಯಲ್ಲಿ ಬಂದ ಮಾಹಿತಿಯನ್ನು ಬರೆದಿಟ್ಟು 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕೆಂಬ ನಿಯಮವಿದೆ, ಅಲ್ಲೊಂದು ಕಾಗದವಾದರೂ ಉಳಿಯುತ್ತದೆ. ಉಳಿದ ಕೇಸುಗಳಲ್ಲಿ ಇರುವುದು ತನಿಖೆಯ ದಿನಚರಿ. ಅದನ್ನು ಕೋರ್ಟು ತರಿಸಿ ನೋಡಬಹುದು, ಆರೋಪಿ ನೋಡುವಂತಿಲ್ಲ.

ಮಾಸ್ತರ: ನ್ಯಾಯಾಧೀಶರು ತರಿಸದಿದ್ದರೆ?

ವಕೀಲ: ತರಿಸಿ ಎಂದು ಆರೋಪಿಯ ವಕೀಲ ಕೇಳಬೇಕು. ಅದರೊಳಗೆ ಏನಿದೆಯೆಂದು ಗೊತ್ತಿಲ್ಲದೆಯೇ ಕೇಳಬೇಕು.